ಪೈಪು ನೋಡಿಕೊಂಡು ಬರುತ್ತೇನೆ

ನಮ್ಮ ಮಲೆನಾಡಿನಲ್ಲಿ ಕಾರಣವಿಲ್ಲದೆ ಕಾಡಿಗೆ ಹೋಗುವವನ ಬಗ್ಗೆ ಜನ ಎರಡೇ ತೀರ್ಮಾನಕ್ಕೆ ಬರುತ್ತಾರೆ. ಒಂದೋ ಮನೆಯಲ್ಲಿ ಜಗಳವಾಗಿದೆ, ಇಲ್ಲವೇ ಯಾವುದೋ ಮರದ ಮೇಲೆ ಕಣ್ಣು ಬಿದ್ದಿದೆ. ಸುಮ್ಮನೆ ಒಬ್ಬನೇ ಕೂತು ಬರಲು ಹೋಗಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಹೊಳೆದರೂ ನಂಬುವುದಿಲ್ಲ. ಒಬ್ಬನೇ ಕೂತವನನ್ನು ಕಂಡರೆ ಕರೆದು ಕಾಫಿ ಕೊಟ್ಟು, ಮಗಳ ಮದುವೆಯ ವಿಷಯ ಎಲ್ಲಿಗೆ ಬಂತು ಎಂದು ವಿಚಾರಿಸುವುದು ಇಲ್ಲಿಯ ಧರ್ಮ. ಆದ್ದರಿಂದ ಕೈಯಲ್ಲೊಂದು ಕತ್ತಿ, ಬಾಯಲ್ಲೊಂದು ನೆಪ ಇಲ್ಲದೆ ಗುಡ್ಡ ಹತ್ತುವಂತಿಲ್ಲ.

ನೆಪಗಳಲ್ಲೆಲ್ಲ ಉತ್ತಮೋತ್ತಮವಾದದ್ದು ಪೈಪು. ಘಟ್ಟದ ಒಂಟಿಮನೆಗಳಿಗೆ ಗುಡ್ಡದ ಮೇಲಿನ ಅಬ್ಬಿಯಿಂದ ನೀರು ತಾನಾಗಿ ಇಳಿದು ಬರುತ್ತದೆ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆ ಇತ್ತು, ಈಗ ಕಪ್ಪು ಪೈಪು. ಮೋಟಾರಿಲ್ಲ, ಕರೆಂಟಿಲ್ಲ, ಬಿಲ್ಲಿಲ್ಲ. ಮೇಲೆ ಗುಂಡಿಯಲ್ಲಿ ಪೈಪಿನ ಬಾಯಿ, ಅದಕ್ಕೆ ಹಳೆ ಪಂಚೆಯ ತುಂಡು ಕಟ್ಟಿರುತ್ತದೆ. ಕೆಳಗೆ ಹಿತ್ತಲ ತೊಟ್ಟಿ. ನಡುವಿನ ದಾರಿಯಲ್ಲಿ ಏನು ಬೇಕಾದರೂ ಆಗಬಹುದು. ಏಡಿ ಸಿಕ್ಕಿಕೊಳ್ಳಬಹುದು, ಕಾಡುಹಂದಿ ಕೆದಕಿ ಎಳೆದಿರಬಹುದು, ಕೊಂಬೆ ಬಿದ್ದಿರಬಹುದು, ಏನೂ ಆಗದಿದ್ದರೂ ಏರ್ ಹಿಡಿದಿರಬಹುದು. ‘ನೀರು ಸಣ್ಣ ಬರ್ತಾ ಉಂಟು, ಪೈಪು ನೋಡ್ಕಂಡು ಬರ್ತೀನಿ’ ಎಂದರೆ ಮಲೆನಾಡಿನ ಯಾವ ಗೃಹಿಣಿಯೂ ಅಡ್ಡ ಬರುವಂತಿಲ್ಲ. ಇದರಲ್ಲಿ ಸುಳ್ಳೂ ಇಲ್ಲ. ಪೈಪು ನೋಡುತ್ತೇನೆ. ಅದಕ್ಕೆ ಎರಡು ನಿಮಿಷ ಸಾಕು, ಪಕ್ಕದ ಬಂಡೆಯ ಮೇಲೆ ಕೂರುವುದಕ್ಕೆ ಮಾತ್ರ ಎರಡು ಗಂಟೆ ಬೇಕು.

ಇನ್ನು ಯಾವ ಕಾಲದಲ್ಲಿ ಹೋಗಬೇಕು ಎಂಬ ಪ್ರಶ್ನೆ. ಪ್ರವಾಸದ ಪುಸ್ತಕಗಳೆಲ್ಲ ಒಂದೇ ದನಿಯಲ್ಲಿ ಅಕ್ಟೋಬರಿನಿಂದ ಫೆಬ್ರವರಿ ಎನ್ನುತ್ತವೆ. ಅದನ್ನು ಬರೆದವರಿಗೆ ಅಡಿಕೆ ತೋಟವಿಲ್ಲ. ಚಳಿಗಾಲದ ಕಾಡು ಚೆಂದವೇ. ಆಕಾಶ ತೊಳೆದಿಟ್ಟಂತಿರುತ್ತದೆ, ಕಾಲುದಾರಿ ಒಣಗಿರುತ್ತದೆ, ಬೆಳಗಿನ ಮಂಜು ಕಣಿವೆಯಲ್ಲಿ ಹತ್ತು ಗಂಟೆಯವರೆಗೂ ಬಿದ್ದುಕೊಂಡಿರುತ್ತದೆ. ಆದರೆ ನವೆಂಬರಿನಲ್ಲಿ ಕೊನೆ ಕೊಯ್ಲು ಶುರುವಾಯಿತೆಂದರೆ ಮನೆಯಲ್ಲಿ ಮೈ ಬಗ್ಗುವ ಪ್ರತಿಯೊಂದು ಜೀವಕ್ಕೂ ಕೆಲಸವುಂಟು. ಕೊನೆಗಾರ ಮರದಿಂದ ಮರಕ್ಕೆ ದಾಟುತ್ತಿರುವಾಗ ಕೆಳಗೆ ಹಗ್ಗ ಹಿಡಿಯುವವನು ‘ನಾನು ಸ್ವಲ್ಪ ಏಕಾಂತಕ್ಕೆ ಹೋಗಿ ಬರ್ತೀನಿ’ ಎನ್ನಲಾಗುತ್ತದೆಯೇ? ರಾತ್ರಿಯಾದರೆ ಸುಲಿಯುವುದು, ಬೇಯಿಸುವುದು, ಹಗಲಾದರೆ ಒಣಗಿಸುವುದು. ಎಲ್ಲ ಮುಗಿಯಿತು ಎನ್ನುವಾಗ ಊರಿನಲ್ಲಿ ಯಕ್ಷಗಾನ ಮೇಳ ಬಂದಿರುತ್ತದೆ, ಮನೆಯಲ್ಲಿ ಬೆಂಗಳೂರಿನ ನೆಂಟರು.

ನೆಂಟರೆಂದರೆ ನೆಂಟರಷ್ಟೇ ಅಲ್ಲ, ಇಡೀ ಬೆಂಗಳೂರು. ಮೂರು ದಿನ ಒಟ್ಟಿಗೆ ರಜೆ ಬಿದ್ದರೆ ಘಟ್ಟದ ದಾರಿಯಲ್ಲಿ ಸೊಳ್ಳೆಗೂ ಜಾಗವಿರುವುದಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಹೊರಟು, ಕಾಡಿನ ಕಾಲುದಾರಿಯಲ್ಲಿ ದೇವಸ್ಥಾನದ ಸರತಿ ಸಾಲು ನಿಂತಿತು. ಕೊನೆಗೆ ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಿ ಆನ್‌ಲೈನ್ ಟಿಕೆಟ್ಟಿನ ವ್ಯವಸ್ಥೆ ಮಾಡಬೇಕಾಯಿತು. ಏಕಾಂತವನ್ನು ಮುಂಗಡ ಬುಕ್ ಮಾಡುವ ಕಾಲಕ್ಕೆ ನಾವು ಬಂದು ಮುಟ್ಟಿದ್ದೇವೆ. 2022ರಲ್ಲಿ ಮುಳ್ಳಯ್ಯನಗಿರಿಯ ಸಾಲಿನಲ್ಲಿ ಕುರಿಂಜಿ ಅರಳಿದಾಗಲೂ ಹೀಗೆಯೇ. 12 ವರ್ಷಕ್ಕೊಮ್ಮೆ ಅರಳುವುದೆಂದು ಹೆಸರು ಮಾಡಿದ ಆ ಗಿಡಕ್ಕೆ ಉಳಿದ 11 ವರ್ಷ ಯಾರ ಕಾಟವೂ ಇಲ್ಲ, ಅರಳಿದ್ದೇ ತಪ್ಪಾಯಿತು.

ಬೇಸಿಗೆಯ ವಿಷಯ ಬೇಗ ಮುಗಿಸುತ್ತೇನೆ. ಒಣಗಿದ ದರಗಿನ ಮೇಲೆ ಒಂದು ಹೆಜ್ಜೆ ಇಟ್ಟರೆ ಮೂರು ಗುಡ್ಡದಾಚೆಯ ಜಿಂಕೆಗೂ ನಾವು ಬಂದದ್ದು ತಿಳಿಯುತ್ತದೆ. ಮೌನ ಬೇಕೆಂದು ಹೋದವನ ಕಿವಿಯಲ್ಲಿ ಜೀರುಂಡೆಗಳು ಬೆಳಗಿನಿಂದ ಸಂಜೆಯವರೆಗೆ ಗರಗಸ ಎಳೆಯುತ್ತವೆ. ಬೆಂಕಿ ಕಾವಲಿಗೆ ನಿಂತ ಗಾರ್ಡಿಗೆ ಒಬ್ಬನೇ ಓಡಾಡುವವನನ್ನು ಕಂಡರೆ ಮೊದಲು ಜೇಬಿನ ಬೆಂಕಿಪೊಟ್ಟಣದ ನೆನಪಾಗುತ್ತದೆ. ಅವರದ್ದೂ ತಪ್ಪಲ್ಲ, ಬೇಸಿಗೆಯಲ್ಲಿ ಕಾಡು ಸುಟ್ಟರೆ ಉತ್ತರ ಕೊಡಬೇಕಾದವರು ಅವರು. ಇವೆಲ್ಲಕ್ಕಿಂತ ಮೇಲೆ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ರಾಜ್ಯಭಾರ. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಎಣ್ಣೆ ಹಂಚುತ್ತಾರೆ. ಇದರಲ್ಲಿ ತಮಾಷೆಯಿಲ್ಲ, ದರಗು ತರಲು ಹೋದವರು ಹಾಸಿಗೆ ಹಿಡಿದದ್ದನ್ನು ನಮ್ಮ ಕಡೆಯವರು ಕಂಡಿದ್ದಾರೆ. ಬೇಸಿಗೆಯಲ್ಲಿ ನಾನು ಪೈಪನ್ನು ನಿಜವಾಗಿಯೂ ಎರಡೇ ನಿಮಿಷ ನೋಡಿ ಬರುತ್ತೇನೆ.

ಉಳಿಯುವುದು ಮಳೆಗಾಲ. ಅದರಲ್ಲೂ ಇಡೀ ಮಳೆಗಾಲವಲ್ಲ. ಮೃಗಶಿರದಲ್ಲಿ ಎಲ್ಲರಿಗೂ ಉತ್ಸಾಹ. ಸೀತಾಳೆ ದಂಡೆ ಅರಳಿದೆಯೆಂದು ಕ್ಯಾಮೆರಾದವರು ಮರ ಮರವನ್ನೂ ನೋಡುತ್ತ ತಿರುಗುತ್ತಾರೆ. ಆರಿದ್ರಾದಲ್ಲಿ ಜೋಗದ ನೀರು ಹೆಚ್ಚಾಯಿತೆಂದು ವಾಹನಗಳ ಸಾಲು. ಪುಷ್ಯ, ಆಶ್ಲೇಷಾ ಬಂದಿತೋ, ಎಲ್ಲರ ಉತ್ಸಾಹವೂ ಇಳಿಯುತ್ತದೆ. ಬಟ್ಟೆ ಒಣಗುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ, ಗೋಡೆ ಬೂಷ್ಟು ಹಿಡಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಎಂದು ಓದುವವರಿಗೆ ಅದೊಂದು ಅಂಕಿ. ಇಲ್ಲಿ ಅದು ಹನಿ ಹನಿಯಾಗಿ ನಮ್ಮ ತಲೆಯ ಮೇಲೆಯೇ ಬೀಳಬೇಕು. ಎಲ್ಲೋ ಒಂದು ಹೊಳವು ಸಿಕ್ಕಿದರೆ ಊರಿನವರೆಲ್ಲ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ದ್ರಾವಣ ಹೊಡೆಸುವ ಗಡಿಬಿಡಿಯಲ್ಲಿರುತ್ತಾರೆ. ಇನ್ನೊಬ್ಬನ ಏಕಾಂತ ಕೆಡಿಸಲು ಯಾರಿಗೂ ಪುರುಸೊತ್ತಿಲ್ಲ.

ಇನ್ನೊಂದು ಅನುಕೂಲವೂ ಇದೆ. ಉಳಿದ ಕಾಲದಲ್ಲಿ ನಮ್ಮ ಗುಡ್ಡದ ತುದಿ ಕಾಡಲ್ಲ, ಟೆಲಿಫೋನ್ ಬೂತು. ಮನೆಯೊಳಗೆ ಸಿಗದ ನೆಟ್‌ವರ್ಕ್ ಅಲ್ಲಿ ಮಾತ್ರ ಸಿಗುತ್ತದೆ. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕೆಂದು ಗುಡ್ಡ ಹತ್ತಿ ಪ್ಲಾಸ್ಟಿಕ್ ಹೊದೆಸಿದ ಗುಡಿಸಲು ಕಟ್ಟಿಕೊಂಡು ಕೂತಿದ್ದರು. ಈಗಲೂ ಏಕಾಂತ ಹುಡುಕಿ ತುದಿ ಮುಟ್ಟಿದರೆ, ಒಬ್ಬರು ಸೊಸೈಟಿ ಸಾಲದ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ದುಬೈಯಲ್ಲಿರುವ ಮಗನಿಗೆ ಊಟವಾಯಿತೇ ಎಂದು ಕೂಗಿ ಕೇಳುತ್ತಿರುತ್ತಾರೆ. ಆಶ್ಲೇಷಾ ಮಳೆಗೆ ಮರ ಬಿದ್ದು ಲೈನು ಹರಿದು ಕರೆಂಟು ಹೋಗುತ್ತದೆ. ಆಮೇಲೆ ಟವರಿನ ಬ್ಯಾಟರಿ ಹೋಗುತ್ತದೆ. ಆಗ ಗುಡ್ಡದ ತುದಿ ಮರಳಿ ಗುಡ್ಡದ ತುದಿಯಾಗುತ್ತದೆ.

ಹೀಗೆ ಎಲ್ಲರೂ ಕಳಚಿಕೊಂಡ ಮೇಲೂ ಒಂದಿಬ್ಬರು ಧೈರ್ಯಸ್ಥರು ಕಾಡಿಗೆ ಕಾಲಿಡಬಹುದು. ಅವರನ್ನು ನೋಡಿಕೊಳ್ಳಲು ಉಂಬಳ ಇದೆ.

ಉಂಬಳದ ಬಗ್ಗೆ ಲೋಕ ಬಹಳ ಅನ್ಯಾಯದ ಮಾತಾಡಿದೆ. ಒಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಬೇಕು. ಒದ್ದೆ ಎಲೆಯ ತುದಿಯಲ್ಲಿ ಬೆಂಕಿಕಡ್ಡಿಗಿಂತ ಸಪೂರವಾದ ಒಂದು ಕಂದು ದಾರ ಎದ್ದು ನಿಂತಿರುತ್ತದೆ. ನೀವು ಉಸಿರು ಬಿಟ್ಟ ಕಡೆಗೆ ತಲೆ ತಿರುಗಿಸುತ್ತದೆ. ಮುಂದಿನ ಬಾಯಿ ಊರಿ, ಹಿಂದಿನದನ್ನು ಎಳೆದುಕೊಂಡು, ಸರ್ವೆಯವನು ಜಮೀನಿಗೆ ಚೈನು ಹಿಡಿದಂತೆ ಅಳೆಯುತ್ತ ಅಳೆಯುತ್ತ ನಿಮ್ಮ ಚಪ್ಪಲಿಯ ಕಡೆಗೆ ಬರುತ್ತದೆ. ಅವಸರವಿಲ್ಲ. ಕಚ್ಚಿದ್ದು ಗೊತ್ತಾಗುವುದಿಲ್ಲ, ನೋವಾಗದಂತೆ, ರಕ್ತ ಹೆಪ್ಪುಗಟ್ಟದಂತೆ ಜೊಲ್ಲಿನಲ್ಲೇ ಔಷಧ ಇಟ್ಟುಕೊಂಡಿದೆ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಕಳಚಿ ಬೀಳುತ್ತದೆ. ಬೇಕಾದಷ್ಟನ್ನೇ ಕುಡಿದು, ತಾನಾಗಿ ಎದ್ದು ಹೋಗುವ ಅತಿಥಿ ನಮ್ಮ ಮನೆಗೆ ಇದುವರೆಗೆ ಬಂದಿಲ್ಲ.

ಕವಳದ ಸಂಚಿಯಲ್ಲಿ ಸುಣ್ಣ, ಹೊಗೆಸೊಪ್ಪು ಇದ್ದರೆ ಊರಿನವರಿಗೆ ಉಂಬಳ ಒಂದು ಲೆಕ್ಕವೇ ಅಲ್ಲ. ಸುಣ್ಣ ತಾಗಿಸಿದರೆ ಬಿತ್ತು. ಪೇಟೆಯವರಿಗೆ ಮಾತ್ರ ಅದರ ಹೆಸರು ಸಾಕು. ‘ಈಗ ಕಾಡು ಬಹಳ ಚೆಂದ, ಬನ್ನಿ, ಉಂಬಳ ಸ್ವಲ್ಪ ಉಂಟು’ ಎಂದು ಫೋನಿನಲ್ಲಿ ಹೇಳಿದರೆ, ಆ ಕಡೆಯಿಂದ ‘ಮುಂದಿನ ಸಲ ನೋಡೋಣ ಭಾವ’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ, ಟಿಕೆಟ್ಟಿನ ವೆಬ್‌ಸೈಟೂ ಇಲ್ಲ. ಕಾಡನ್ನು ಅದಕ್ಕಿಂತ ನಿಷ್ಠೆಯಿಂದ ಕಾಯುವವರನ್ನು ನಾನು ಕಾಣೆ.

ಮಳೆಗಾಲದಲ್ಲಿ ನೆಪಕ್ಕೂ ಬರವಿಲ್ಲ. ಪೈಪಿನ ನೆಪ ಮಾತ್ರ ಸ್ವಲ್ಪ ಸಡಿಲ. ‘ಸೂರಿನಲ್ಲೇ ಇಷ್ಟು ನೀರು ಸುರೀತಾ ಉಂಟು, ಈಗ ಪೈಪು ಯಾಕ್ರೀ?’ ಎಂದು ಹೆಂಡತಿ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ಹಳ್ಳ ಉಕ್ಕಿ ಪೈಪಿನ ಬಾಯಿ ಕಿತ್ತುಕೊಂಡು ಹೋಗಿರಬಹುದು ಎಂದರೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ‘ಹೋಗೋದು ಹೆಂಗೂ ಹೋಗ್ತೀರಿ, ಹಾಗೇ ಪತ್ರೊಡೆಗೆ ನಾಲ್ಕು ಮರಗೆಸುವಿನ ಎಲೆ ತನ್ನಿ’ ಎಂದು ಚೀಲ ಕೊಡುತ್ತಾಳೆ. ಮರದ ಪೊಟರೆ, ಕವಲುಗಳಲ್ಲಿ ಮಳೆಗಾಲದಲ್ಲಷ್ಟೇ ಚಿಗುರುವ ಈ ಎಲೆ ಕೈಗೆ ಸಿಗದ ಎತ್ತರದಲ್ಲೇ ಬೆಳೆಯುತ್ತದೆ. ತಡವಾದದ್ದಕ್ಕೆ ಬೇರೆ ಸಬೂಬು ಹುಡುಕಬೇಕಿಲ್ಲ.

ಒಂದೇ ಅಪಾಯವೆಂದರೆ ಅಣಬೆ. ಹುತ್ತದ ಮೇಲೆ ಏಳುವ ಅಣಬೆ ಗೆದ್ದಲಿನ ಕೃಷಿ. ವರ್ಷವೂ ಸುಮಾರಾಗಿ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಏಳುತ್ತದೆ. ಆ ಜಾಗ ಎಲ್ಲಿ ಎಂಬುದನ್ನು ಅಣ್ಣ ತಮ್ಮನಿಗೂ ಹೇಳುವುದಿಲ್ಲ. ಹೀಗಾಗಿ ಗುಡುಗು ಕೇಳಿದ ಮರುಬೆಳಗ್ಗೆ ಕಾಡಿನಲ್ಲಿ ಎದುರು ಬದುರಾಗುವ ಇಬ್ಬರು ಗಂಡಸರ ಮಾತು ಕೇಳುವಂತಿರುತ್ತದೆ.

‘ಎಂತ ಮಾರಾಯ್ರೆ, ಈ ಮಳೇಲಿ?’

‘ಪೈಪು ನೋಡಕ್ಕೆ ಬಂದಿದ್ದೆ. ನೀವು?’

‘ದನ ಬಂದಿಲ್ಲ ನಿನ್ನೆಯಿಂದ.’

ಅವರ ದನ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುವುದನ್ನು ನಾನು ಬರುವಾಗ ನೋಡಿರುತ್ತೇನೆ. ನನ್ನ ಪೈಪು ಇರುವುದು ಈ ಗುಡ್ಡದಲ್ಲಲ್ಲ ಎಂಬುದು ಅವರಿಗೂ ಗೊತ್ತು. ಇಬ್ಬರೂ ಗಂಭೀರವಾಗಿ ತಲೆಯಾಡಿಸಿ, ಇನ್ನೊಬ್ಬ ಮರೆಯಾಗುವವರೆಗೆ ಬೇಕೆಂದೇ ತಪ್ಪು ದಿಕ್ಕಿಗೆ ನಡೆಯುತ್ತೇವೆ. ವಾಲ್ಮೀಕಿಯ ಮೈಮೇಲೆ ಹುತ್ತ ಬೆಳೆಯುವಷ್ಟು ಕಾಲ ಯಾರೂ ಮಾತಾಡಿಸಲಿಲ್ಲ ಎಂಬ ಕಥೆ ಓದಿದಾಗಲೆಲ್ಲ ನನಗನಿಸುವುದಿದೆ: ಅದು ಮಲೆನಾಡಲ್ಲ. ಇಲ್ಲಿಯಾಗಿದ್ದರೆ ಹುತ್ತದ ಮೇಲೆ ಅಣಬೆ ಎದ್ದು, ಕೀಳಲು ಬಂದವರು ರಾಮಾಯಣಕ್ಕೆ ಮೊದಲೇ ಎಬ್ಬಿಸಿಬಿಡುತ್ತಿದ್ದರು.

ಅಣಬೆಯ ದಿನಗಳನ್ನು ಬಿಟ್ಟರೆ ಉಳಿದದ್ದೆಲ್ಲ ನನ್ನದೇ. ಬಂಡೆ ಜಾರುತ್ತದೆ, ಅದಕ್ಕೆ ಕಂಬಳಿ ಕೊಪ್ಪೆ ಹೊದ್ದು ಹೆಬ್ಬಲಸಿನ ಬುಡಕ್ಕೆ ಒರಗಿ ಕೂರುತ್ತೇನೆ. ಮಳೆ ನಿಂತ ಮೇಲೂ ಮರ ಹನಿಯುತ್ತಲೇ ಇರುತ್ತದೆ. ಹಳ್ಳದ ಆಚೆ ಸಿಳ್ಳಾರ ಹಕ್ಕಿ, ಹಾಡು ಅರ್ಧ ಮರೆತ ಹುಡುಗ ಗೊತ್ತಿರುವಷ್ಟನ್ನೇ ಊದುತ್ತಿರುವ ಹಾಗೆ ಶುರು ಮಾಡುತ್ತದೆ, ನಿಲ್ಲಿಸುತ್ತದೆ, ಮತ್ತೆ ಬೇರೆ ಕಡೆಯಿಂದ ಶುರು ಮಾಡುತ್ತದೆ. ಅಲ್ಲಿ ಕೂತು ನಾನು ದೊಡ್ಡ ಆಲೋಚನೆಯನ್ನೇನೂ ಮಾಡುವುದಿಲ್ಲ. ಹೆಚ್ಚಿನ ಹೊತ್ತು ಕಾಲ್ಬೆರಳ ಸಂದಿ ನೋಡಿಕೊಳ್ಳುವುದರಲ್ಲೇ ಹೋಗುತ್ತದೆ.

ಓದುಗರಲ್ಲಿ ಒಂದು ವಿನಂತಿ. ಮಲೆನಾಡಿನ ಕಾಡು ನೋಡಬೇಕೆಂದು ನಿಮಗೆ ಅನ್ನಿಸಿದರೆ ದಯವಿಟ್ಟು ಡಿಸೆಂಬರಿನಲ್ಲೇ ಬನ್ನಿ. ರಸ್ತೆ ಚೆನ್ನಾಗಿರುತ್ತದೆ, ಹೋಂಸ್ಟೇಗಳು ತೆರೆದಿರುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ, ನೆಟ್‌ವರ್ಕೂ ಇರುತ್ತದೆ. ಪುಷ್ಯ, ಆಶ್ಲೇಷಾ ಮಳೆಯಲ್ಲಿ ಬಂದು ಸುಮ್ಮನೆ ಕಷ್ಟಪಡಬೇಡಿ. ಉಂಬಳ ವಿಪರೀತ. ಸ್ನೇಹಿತರಿಗೂ ಹೇಳಿ.