ವರಣಶ್ರದ್ಧಾಮೀಮಾಂಸೆ: ಪ್ರಥಮ ಪ್ರಕರಣ

ಅಮೆರಿಕದ ಕಾಲೇಜು ತಂಡಗಳಿಗೆ ಆಟಗಾರರನ್ನು ಆರಿಸಿ ತರುವ ಕೋಚ್‌ನ ದೈವಭಕ್ತಿ ಆ ಆಯ್ಕೆಯ ಮೇಲೆ ಪರಿಣಾಮ ಬೀರುತ್ತದೆಯೇ ಎಂಬ ಪ್ರಶ್ನೆ ಇದುವರೆಗೆ ಕ್ರೀಡಾಪುಟಗಳಲ್ಲಿ ನಿರಾಶ್ರಿತವಾಗಿ ಅಲೆದಿದೆ. ಹೌದೆಂದವರು ಲಕ್ಷಣ ಹೇಳಲಿಲ್ಲ. ಅಲ್ಲವೆಂದವರು ವ್ಯಾಪ್ತಿಯನ್ನು ಪರೀಕ್ಷಿಸಲಿಲ್ಲ. ಈ ನ್ಯೂನತೆಯ ಪರಿಹಾರಾರ್ಥವಾಗಿ ವರಣಶ್ರದ್ಧಾಮೀಮಾಂಸೆ ಎಂಬ ನೂತನ ಶಾಸ್ತ್ರವನ್ನು ಇಲ್ಲಿ ಪ್ರವರ್ತಿಸಲಾಗಿದೆ. ಇದರ ವಿಷಯ ಶ್ರದ್ಧೆಗೂ ವರಣಕ್ಕೂ, ಅಂದರೆ ಆಯ್ಕೆಗೂ, ಇರುವ ಕಾರ್ಯಕಾರಣಭಾವ; ಪ್ರಯೋಜನ ಸಂಶಯನಿವೃತ್ತಿ; ಸಂಬಂಧ ಪ್ರತಿಪಾದ್ಯಪ್ರತಿಪಾದಕಭಾವ; ಅಧಿಕಾರಿಯೋ, ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಕಾಲಿನಿಂದ ಒದೆಯುವುದು ಉತ್ಸರ್ಗವಲ್ಲ, ಅಪವಾದ ಎಂಬುದನ್ನು ಶಾಂತಚಿತ್ತದಿಂದ ಅಂಗೀಕರಿಸಿದವನು.

ಮೊದಲು ಸಂಜ್ಞಾಪ್ರಕರಣ. ತಂಡವನ್ನು ಪಳಗಿಸಿ, ಗೆಲುವಿನಲ್ಲಿ ಆಟಗಾರರ ಹಿಂದೆಯೂ ಸೋಲಿನಲ್ಲಿ ಮುಂದೆಯೂ ನಿಲ್ಲಬೇಕಾದವನು ಆಚಾರ್ಯ. ಪ್ರೌಢಶಾಲೆ ಮುಗಿಯುವ ಮೊದಲೇ ಇಬ್ಬರು ಅಥವಾ ಹೆಚ್ಚು ಆಚಾರ್ಯರಿಂದ ಏಕಕಾಲದಲ್ಲಿ ಅಪೇಕ್ಷಿತನಾದವನು ವರಣೀಯ. ಒಬ್ಬನೇ ಆಚಾರ್ಯನಿಂದ ಅಪೇಕ್ಷಿತನಾದವನು ಪ್ರವೇಶಾರ್ಥಿ. ಯಾರಿಂದಲೂ ಅಪೇಕ್ಷಿತನಾಗದವನು ವಿದ್ಯಾರ್ಥಿ. ಇನ್ನು ಶ್ರದ್ಧೆ ಆಶ್ರಯಭೇದದಿಂದ ತ್ರಿವಿಧ: ಕಾಲೇಜಿನಲ್ಲಿರುವುದು ಪೀಠಗತ, ಕೋಚ್‌ನಲ್ಲಿರುವುದು ಆಚಾರ್ಯಗತ, ವರಣೀಯನ ಮನೆಯಲ್ಲಿರುವುದು ಗೃಹಗತ. ಈ ಮೂರನ್ನು ಒಂದೆಂದು ಭ್ರಮಿಸಿದ್ದೇ ಪೂರ್ವಲೇಖಕರ ಗೊಂದಲಗಳಿಗೆಲ್ಲ ಮೂಲ.

ಪೀಠಗತ ಶ್ರದ್ಧೆಗೆ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯ ಪ್ರಸಿದ್ಧ ದೃಷ್ಟಾಂತ. 1842ರಲ್ಲಿ ಕ್ಯಾಥೊಲಿಕ್ ಪಾದ್ರಿ ಎಡ್ವರ್ಡ್ ಸೊರಿನ್ ಸ್ಥಾಪಿಸಿದ ಈ ಪೀಠದಲ್ಲಿ ಶ್ರದ್ಧೆಯು ಮುದ್ರಾರೂಪದಲ್ಲಿ ಪ್ರಕಟವಾಗುತ್ತದೆ. ಮುದ್ರೆಗಳು ಮೂರು. ಒಂದು, ಉಭಯಹಸ್ತೋತ್ಥಾನ: ಗ್ರಂಥಾಲಯದ ಗೋಡೆಯ ಮೇಲೆ 134 ಅಡಿ ಎತ್ತರದ ಕ್ರಿಸ್ತಚಿತ್ರವಿದೆ; ಕ್ರೀಡಾಂಗಣದಿಂದ ಕಾಣುವ ಅದರ ಮೇಲೆತ್ತಿದ ಎರಡೂ ಕೈಗಳು ಅಂಕ ಗಳಿಕೆಯನ್ನು ಸಾರುವ ರೆಫರಿಯ ಟಚ್‌ಡೌನ್ ಸಂಜ್ಞೆಯನ್ನು ಹೋಲುವುದರಿಂದ ಲೋಕವು ಅದನ್ನು ಟಚ್‌ಡೌನ್ ಜೀಸಸ್ ಎನ್ನುತ್ತದೆ. ಎರಡು, ಏಕಾಂಗುಲ್ಯುತ್ಥಾನ: ಅದೇ ಗ್ರಂಥಾಲಯದ ಪಕ್ಕದಲ್ಲಿ ಆಕಾಶಕ್ಕೆ ಬೆರಳೆತ್ತಿದ ಮೋಸೆಸ್. ಮೂರು, ಏಕಹಸ್ತೋತ್ಥಾನ: 1863ರ ಗೆಟಿಸ್‌ಬರ್ಗ್ ಯುದ್ಧದಲ್ಲಿ ಸೈನಿಕರಿಗೆ ಪಾಪವಿಮೋಚನೆ ನೀಡಿದ ಪಾದ್ರಿ ಕಾರ್ಬಿಯ ಪ್ರತಿಮೆ, ಇದನ್ನು ಭಕ್ತರು ಚೆಂಡನ್ನು ನಿರಾತಂಕವಾಗಿ ಹಿಡಿಯುವ ಮುನ್ನ ಆಟಗಾರನು ತೋರುವ ಸಂಜ್ಞೆಯೆಂದು ವ್ಯಾಖ್ಯಾನಿಸುತ್ತಾರೆ. ಕೈ ಎತ್ತದ ಸಂತರು ಈ ಪೀಠದಲ್ಲಿ ಹಲವರಿದ್ದರೂ ಅವರಿಗೆ ಕ್ರೀಡಾನಾಮ ಪ್ರಾಪ್ತವಾಗಿಲ್ಲ. ಆದ್ದರಿಂದ ಹಸ್ತೋತ್ಥಾನವೇ ಕ್ರೀಡೋಪಯುಕ್ತ ಶ್ರದ್ಧೆಯ ಬಾಹ್ಯಲಕ್ಷಣವೆಂದು ನಿರ್ಣಯ.

ಈಗ ಆಚಾರ್ಯಭೇದ.

1. ಪೀಠಸಮಾನಶ್ರದ್ಧ. ಪೀಠದ ಮತವೇ ಆಚಾರ್ಯನ ಮತವೂ ಆಗಿರುವುದು. ಇದರಲ್ಲಿ ಎರಡು ಉಪಭೇದ.

1.1. ನಿಯತ. ಯೂಟಾದ ಪ್ರೊವೊ ಪಟ್ಟಣದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯವು ಲ್ಯಾಟರ್-ಡೇ ಸೇಂಟ್ಸ್, ಅಂದರೆ ಲೋಕರೂಢಿಯ ಮಾರ್ಮನ್ ಸಂಪ್ರದಾಯದ್ದು. ಅಲ್ಲಿನ ಮುಖ್ಯ ಫುಟ್‌ಬಾಲ್ ಆಚಾರ್ಯ ಆ ಸಂಪ್ರದಾಯದವನೇ ಆಗಿರಬೇಕು. 1972ರಿಂದ 2000ದವರೆಗೆ ಪೀಠಸ್ಥರಾಗಿದ್ದ ಲಾವೆಲ್ ಎಡ್ವರ್ಡ್ಸ್ 1984ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದರು. ಇಲ್ಲಿ ಆಟಗಾರರಿಗೂ ವ್ರತವುಂಟು: ಮದ್ಯ, ತಂಬಾಕು, ಚಹಾ, ಕಾಫಿ ವರ್ಜ್ಯ, ಗಡ್ಡ ನಿಷಿದ್ಧ, ಭಾನುವಾರ ಆಟವಿಲ್ಲ. ಕಾಫಿತ್ಯಾಗವನ್ನು ಕನ್ನಡ ಓದುಗರು ತಪಸ್ಸಿನಲ್ಲಿ ಸೇರಿಸಲು ಇಚ್ಛಿಸಬಹುದು. ಶಾಸ್ತ್ರವು ಅದನ್ನು ನಿಯಮವೆಂದಷ್ಟೇ ಪರಿಗಣಿಸುತ್ತದೆ.

ಈ ಪೀಠದಲ್ಲಿ ವಿಲಂಬಿತ ವರಣೀಯ ಎಂಬ ವಿಶೇಷ ಜಾತಿಯೂ ದೃಷ್ಟಿಗೋಚರ. ತಂಡ ಸೇರಲು ಒಪ್ಪಿದ ಯುವಕ ಎರಡು ವರ್ಷ ಧರ್ಮಪ್ರಚಾರಕ್ಕೆ ತೆರಳುತ್ತಾನೆ. 2012ರಿಂದ 18 ವರ್ಷಕ್ಕೇ ಹೋಗಬಹುದು. ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ, ಈ ಅವಧಿಯನ್ನು ಅವನ ಐದು ವರ್ಷದ ಆಟದ ಗಡುವಿನಲ್ಲಿ ಎಣಿಸುವುದಿಲ್ಲ. ಹಾಗಾಗಿ ವರಣೀಯನು ಉಂಟು, ತಂಡದಲ್ಲಿ ಇಲ್ಲ; ವಯಸ್ಸು ಕಳೆಯುತ್ತದೆ, ಗಡುವು ಕಳೆಯುವುದಿಲ್ಲ. ಈ ಸದಸದ್ವಿಲಕ್ಷಣ ಆಟಗಾರನನ್ನು ಧೃತಿಗೆಡದೆ ಕಾಯಲು ಸ್ವತಃ ಆ ಸಂಪ್ರದಾಯದಲ್ಲಿ ಬೆಳೆದ ಆಚಾರ್ಯನೇ ಯೋಗ್ಯ. ಶ್ರದ್ಧೆಯ ಪರಿಣಾಮ ನಿಸ್ಸಂಶಯವಾಗಿ ಸಿದ್ಧವಾಗುವ ಸ್ಥಾನ ನನ್ನ ಮತದಲ್ಲಿ ಇದೊಂದೇ.

1.2. ಪಶ್ಚಾತ್ಪ್ರಾಪ್ತ. ಪೀಠವೇರಿದ ಮೇಲೆ ಪೀಠದ ಮತವನ್ನು ಸ್ವೀಕರಿಸಿದವನು. ನೋಟರ್ ಡೇಮಿನ ನೂಟ್ ರಾಕ್ನಿ 1918ರಲ್ಲಿ ಆಚಾರ್ಯರಾದಾಗ ಲೂಥೆರನ್. ಕ್ಯಾಥೊಲಿಕ್ ಆದದ್ದು 1925ರಲ್ಲಿ. ಆದರೆ ಅವರ ತಂಡ 1924ರ ಋತುವಿನಲ್ಲೇ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಪ್ರಶಸ್ತಿ ಪಡೆದಿತ್ತು. ಕಾರಣವು ಕಾರ್ಯಕ್ಕೆ ನಿಯತಪೂರ್ವವರ್ತಿ ಆಗಿರಬೇಕೆಂದು ತಾರ್ಕಿಕರು ಹೇಳಿರುವುದರಿಂದ ಇಲ್ಲಿ ಮತಾಂತರ ಆ ವಿಜಯಕ್ಕೆ ಕಾರಣವಾಗದು. ವಿಜಯವೇ ಮತಾಂತರಕ್ಕೆ ಕಾರಣವೆನ್ನಲು ಪ್ರಮಾಣವಿಲ್ಲ. ಈಗಿನ ಆಚಾರ್ಯ ಮಾರ್ಕಸ್ ಫ್ರೀಮನ್ ಕೂಡ 2022ರಲ್ಲಿ ಕ್ಯಾಥೊಲಿಕ್ ಆದರು. ಪಂದ್ಯದ ದಿನದ ಪೂಜೆಯನ್ನು ಮರಳಿ ತಂದರು. ಇವರಲ್ಲಿ ಪೂರ್ವವರ್ತಿತ್ವ ಸಿದ್ಧ, ನಿಯತತ್ವ ಪರೀಕ್ಷಾಧೀನ.

2. ಪೀಠವಿಲಕ್ಷಣ. ಅದೇ ನೋಟರ್ ಡೇಮಿನಲ್ಲಿ 1964ರಿಂದ 1974ರವರೆಗಿದ್ದ ಆರಾ ಪಾರ್ಸೀಗಿಯನ್ ಪ್ರೆಸ್‌ಬಿಟೇರಿಯನ್. 1966 ಮತ್ತು 1973ರ ಪ್ರಶಸ್ತಿಗಳು ಅವರವು. ಪೀಠಸಮಾನತೆಯೇ ಹೇತುವೆನ್ನುವವರಿಗೆ ಈ ಒಬ್ಬ ವ್ಯಕ್ತಿಯಲ್ಲೇ ಎರಡು ವ್ಯಭಿಚಾರದೋಷಗಳು ಪ್ರಾಪ್ತವಾಗುತ್ತವೆ.

3. ನಿರ್ಮತಪೀಠಸ್ಥ ಪ್ರಕಟಶ್ರದ್ಧ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಮತವಿಲ್ಲ. ಸಂವಿಧಾನದ ಮೊದಲ ತಿದ್ದುಪಡಿ ಅದನ್ನು ನಿಷೇಧಿಸಿದೆ. ಆಚಾರ್ಯನಿಗೆ ಮಾತ್ರ ಮತವುಂಟು. ಫ್ಲಾರಿಡಾ ಸ್ಟೇಟ್‌ನ ಬ್ಯಾಪ್ಟಿಸ್ಟ್ ಬಾಬಿ ಬೌಡನ್ 1976ರಿಂದ 2009ರವರೆಗಿನ ತಮ್ಮ ಅವಧಿಯಲ್ಲಿ ಆಟಗಾರರನ್ನು ಚರ್ಚಿಗೆ ಕರೆದೊಯ್ಯುತ್ತಿದ್ದರು. ಕೊಲರಾಡೊದ ಬಿಲ್ ಮೆಕಾರ್ಟ್ನಿ 1990ರಲ್ಲೇ ಪ್ರಾಮಿಸ್ ಕೀಪರ್ಸ್ ಎಂಬ ಪುರುಷರ ಧಾರ್ಮಿಕ ಸಂಘಟನೆಯನ್ನೂ ಸ್ಥಾಪಿಸಿದರು, ಆ ಋತುವಿನ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಪಾಲನ್ನೂ ಪಡೆದರು. ಸೌತ್ ಕ್ಯಾರೊಲೈನಾದ ಕ್ಲೆಮ್‌ಸನ್‌ನಲ್ಲಿ ಡಾಬೋ ಸ್ವಿನಿಯವರ ತಂಡದಲ್ಲಿ ಧಾರ್ಮಿಕ ಚಟುವಟಿಕೆ ಹೆಚ್ಚೆಂದು 2014ರಲ್ಲಿ ಮತನಿರಪೇಕ್ಷ ಸಂಸ್ಥೆಯೊಂದು ಆಕ್ಷೇಪಪತ್ರ ಬರೆಯಿತು. 2016 ಮತ್ತು 2018ರ ಋತುಗಳ ಪ್ರಶಸ್ತಿ ಅವರ ತಂಡಕ್ಕೆ ದೊರೆಯಿತು. ಆಕ್ಷೇಪಪತ್ರವೂ ವರಣಸಾಧನವೇ ಎಂಬುದು ಉಪೇಕ್ಷಿತವಾದ ಸಂಗತಿ: ಆಚಾರ್ಯನ ಭಕ್ತಿಯನ್ನು ವಿರೋಧಿಯ ಹಣದಲ್ಲಿ ದೇಶದ ಸಮಸ್ತ ತಾಯಂದಿರಿಗೆ ತಿಳಿಸುವ ಬೇರೊಂದು ಉಪಾಯ ಕಾಣೆ.

4. ಪ್ರಚ್ಛನ್ನಶ್ರದ್ಧ. ಉದಾಹರಣೆ ಕೊಟ್ಟೊಡನೆ ಆತ ಈ ವರ್ಗದಿಂದ ಚ್ಯುತನಾಗುವನಾದ್ದರಿಂದ ಉದಾಹರಣೆ ಕೊಡುವುದಿಲ್ಲ.

ಕಾಲವಿಚಾರ ಸೂಕ್ಷ್ಮವಾದದ್ದು. ಎನ್‌ಸಿಎಎ ನಿಯಮದಂತೆ ವರಣಕಾಲ ಚತುರ್ವಿಧ: ಮನೆಗೇ ಹೋಗಿ ಮಾತಾಡಬಹುದಾದ ಸಂಪರ್ಕಕಾಲ, ಆಟ ನೋಡಬಹುದು ಆದರೆ ಕಾಲೇಜಿನ ಆವರಣದ ಹೊರಗೆ ಮಾತಾಡಬಾರದೆಂಬ ಪರೀಕ್ಷಣಕಾಲ, ಕಾಲೇಜಿನ ಆವರಣದಲ್ಲಿ ಮಾತ್ರ ಮಾತಾಡಬಹುದಾದ ಮೌನಕಾಲ, ಎಲ್ಲಿಯೂ ಮುಖ ನೋಡಿ ಮಾತಾಡಬಾರದ ಮೃತಕಾಲ. ಕುಶಲೋಕ್ತಿಯನ್ನು ಮೀರಿದ ಮಾತು ನಡೆದ ಮುಖಾಮುಖಿ ಭೇಟಿಯೇ ಸಂಪರ್ಕ. ಭೇಟಿ ಪೂರ್ವನಿಯೋಜಿತವಾದರೆ ಮಾತಿಲ್ಲದಿದ್ದರೂ ಸಂಪರ್ಕ.

ಇಲ್ಲಿ ಸಂಶಯ. ಮೃತಕಾಲದ ಭಾನುವಾರದಂದು ಆಚಾರ್ಯ, ವರಣೀಯ ಮತ್ತು ವರಣೀಯನ ತಾಯಿ ಒಂದೇ ಚರ್ಚಿನ ಒಂದೇ ಬೆಂಚಿನಲ್ಲಿ ಕುಳಿತು ಏಕಕಂಠದಿಂದ ಆಮೆನ್ ಎಂದರೆ ಅದು ಸಂಪರ್ಕವೇ? ಆಮೆನ್ ಕುಶಲೋಕ್ತಿಯಲ್ಲ, ಆದ್ದರಿಂದ ಅದನ್ನು ಮೀರಿದ್ದು ಎಂಬುದು ಪೂರ್ವಪಕ್ಷ. ಅದು ಸಲ್ಲದು. ಸಂವಾದಕ್ಕೆ ವಕ್ತೃವೂ ಶ್ರೋತೃವೂ ಬೇಕು. ಇಲ್ಲಿ ಮೂವರೂ ವಕ್ತೃಗಳು, ಶ್ರೋತೃ ದೇವರು, ದೇವರು ವರಣೀಯನಲ್ಲ. ಮೂವರೂ ವೇದಿಕೆಯ ಕಡೆ ತಿರುಗಿರುವುದರಿಂದ ಮುಖಾಮುಖಿತ್ವವೂ ಅಸಿದ್ಧ. ಆರಾಧನೆ ಪೂರ್ವನಿಯೋಜಿತವೆಂಬುದು ನಿಜ. ಆದರೆ ನಿಯೋಜಿಸಿದ್ದು ಸಂಪ್ರದಾಯ, ಸಂಪ್ರದಾಯವು ಕಾಲೇಜಿನ ನೌಕರನಲ್ಲ. ಚರ್ಚೇ ಕಾಲೇಜಿನ ಒಡೆಯನಾದ ಪ್ರೊವೊದಲ್ಲಿ ಈ ಸಮಾಧಾನ ದುರ್ಬಲವಾಗುವುದರಿಂದ ಅಲ್ಲಿನ ಆಚಾರ್ಯನು ಎರಡು ಬೆಂಚು ಹಿಂದೆ ಕೂರುವುದು ಶ್ರೇಯಸ್ಕರ. ಕ್ಯಾಥೊಲಿಕ್ ಪೂಜೆಯಲ್ಲಿ ಪಕ್ಕದವರಿಗೆ ಕೈಕೊಟ್ಟು ಶಾಂತಿ ಕೋರುವ ವಿಧಿಯಂತೂ ಕುಶಲೋಕ್ತಿಯಲ್ಲೇ ಅಂತರ್ಭೂತ; ನಿರ್ದುಷ್ಟ. ಕೋರಿದ ಕೈಯನ್ನು ಬಿಡದೆ ಭುಜದ ಸುತ್ತಳತೆಯನ್ನು ಅಂದಾಜಿಸಿದರೆ ಮಾತ್ರ ಪರೀಕ್ಷಣಕಾಲದ ಕ್ರಿಯೆಯನ್ನು ಮೃತಕಾಲದಲ್ಲಿ ಮಾಡಿದ ಕಾಲವಿಪರ್ಯಯದೋಷ.

ಗೃಹಗತ ಶ್ರದ್ಧೆಯಲ್ಲಿ ನಿರ್ಣಯಾಧಿಕಾರ ವರಣೀಯನದಲ್ಲ, ಅವನ ತಾಯಿಯದು. ಅಜ್ಜಿ ಇದ್ದರೆ ಅಜ್ಜಿಯದು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಬಂದವರು ಹೆಣ್ಣನ್ನು ಪರೀಕ್ಷಿಸಿದರೆ, ಇಲ್ಲಿ ಮನೆಯವರು ಬಂದವನನ್ನು ಪರೀಕ್ಷಿಸುತ್ತಾರೆ. ಪರೀಕ್ಷಾಸ್ಥಾನ ಊಟದ ಮೇಜು. ಪರೀಕ್ಷಾಕ್ಷಣ ಭೋಜನಪೂರ್ವ ಪ್ರಾರ್ಥನೆ. ನಿಮೀಲನಭೇದದಿಂದ ಆಚಾರ್ಯರು ನಾಲ್ವರು: ಯಾರೂ ಹೇಳುವ ಮೊದಲೇ ಕಣ್ಣು ಮುಚ್ಚುವವನು, ಎಲ್ಲರೊಡನೆ ಮುಚ್ಚುವವನು, ಎಲ್ಲರನ್ನೂ ನೋಡಿ ಮುಚ್ಚುವವನು, ಫೋರ್ಕ್ ಹಿಡಿದ ಬಳಿಕ ಮುಚ್ಚುವವನು. ಮೊದಲನೆಯವನಲ್ಲಿ ಅತಿವ್ಯಾಪ್ತಿ, ಕೊನೆಯವನಲ್ಲಿ ಅವ್ಯಾಪ್ತಿ. ಎರಡನೆಯವನೇ ಸಲ್ಲಕ್ಷಣ. ಮೂರನೆಯವನು ಕ್ಷಮಾರ್ಹ, ಅಜ್ಜಿ ಕಣ್ಣು ಬಿಟ್ಟಿರದಿದ್ದಲ್ಲಿ.

ಇಷ್ಟರಿಂದ ಎಲ್ಲಿ ಆಚಾರ್ಯಶ್ರದ್ಧೆಯೋ ಅಲ್ಲಿ ವರಣವೆಂಬ ವ್ಯಾಪ್ತಿ ಸಿದ್ಧಿಸುವಂತೆ ತೋರಿದರೂ ಇದು ಸೋಪಾಧಿಕ. ಬೆಂಕಿಯಿದ್ದಲ್ಲೆಲ್ಲ ಹೊಗೆಯೆನ್ನಲು ಹಸಿ ಸೌದೆ ಉಪಾಧಿಯೆಂದು ತಾರ್ಕಿಕರು ಹೇಳುವರಷ್ಟೆ. ಇಲ್ಲಿ ಆ ಸ್ಥಾನದಲ್ಲಿರುವುದು ದ್ರವ್ಯ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಮುಖದಿಂದ ಹಣ ಗಳಿಸಬಹುದು. 2025ರ ಜುಲೈನಿಂದ ಕಾಲೇಜೇ ನೇರವಾಗಿ, ಮೊದಲ ವರ್ಷ ಒಟ್ಟು 2.05 ಕೋಟಿ ಡಾಲರ್‌ವರೆಗೆ, ಹಂಚಬಹುದು. 2024ರ ಡಿಸೆಂಬರಿನಲ್ಲಿ ದೇಶದ ಅಗ್ರಗಣ್ಯ ಬಾಸ್ಕೆಟ್‌ಬಾಲ್ ವರಣೀಯ ಎ.ಜೆ. ಡಿಬಾಂಟ್ಸಾ ತನ್ನ ಮತದ್ದಲ್ಲದ ಬ್ರಿಗಮ್ ಯಂಗ್ ಪೀಠವನ್ನೇ ಆರಿಸಿಕೊಂಡ. ಅದೇ ವರ್ಷ ಅಲ್ಲಿನ ಫುಟ್‌ಬಾಲ್ ತಂಡವನ್ನು 11 ಗೆಲುವುಗಳಿಗೆ ನಡೆಸಿದ ಕ್ವಾರ್ಟರ್‌ಬ್ಯಾಕ್ ಜೇಕ್ ರೆಟ್ಜ್‌ಲಾಫ್ ಯಹೂದಿ. ನಿಯತಪೀಠದಲ್ಲೇ ಹೀಗಾದರೆ ಅನಿಯತಪೀಠಗಳ ಮಾತೇನು?

ಆದ್ದರಿಂದ ಸಿದ್ಧಾಂತ: ದ್ರವ್ಯ ಸಮಾನವಾಗಿದ್ದು, ಆಡುವ ಅವಕಾಶ ಸಮಾನವಾಗಿದ್ದು, ಊರು ಮನೆಯಿಂದ ಸಮಾನ ದೂರದಲ್ಲಿದ್ದರೆ ಆಚಾರ್ಯಶ್ರದ್ಧೆ ವರಣಕ್ಕೆ ಕಾರಣ. ಈ ಮೂರು ಸಮಾನತೆಗಳು ಒಂದೇ ವರಣೀಯನಲ್ಲಿ ಕೂಡಿದ ದೃಷ್ಟಾಂತ ನಮ್ಮ ಸಂಗ್ರಹದಲ್ಲಿ ಇನ್ನೂ ಇಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ತಾಯಂದಿರಲ್ಲಿ ಈ ನಿಮಿತ್ತ ಒಂದು ವಿನಂತಿ. ಮಕ್ಕಳ ಟೆನಿಸ್ಸನ್ನೋ ಈಜನ್ನೋ ಮೆಚ್ಚಿ ಕೋಚ್ ಮನೆಗೆ ಬಂದರೆ, ಸ್ಕಾಲರ್‌ಶಿಪ್ ಒಂದೇ ವರ್ಷಕ್ಕೋ ಪೂರ್ತಿ ಓದಿಗೋ ಎಂದು ಮೊದಲು ಕೇಳಿ. ದೇವರ ವಿಚಾರವನ್ನು ಊಟಕ್ಕೆ ಎಬ್ಬಿಸಿದ ಮೇಲೆ ಕೇಳಿದರೂ ನಡೆಯುತ್ತದೆ. ಕಣ್ಣು ಮುಚ್ಚಿದ್ದು ಯಾವ ಕ್ರಮದಲ್ಲಿ ಎಂಬುದನ್ನು ಮಾತ್ರ ಮರೆಯದೆ ಬರೆದಿಡಿ. ದ್ವಿತೀಯ ಪ್ರಕರಣಕ್ಕೆ ಬೇಕು.