ಬಣ್ಣದ ಭಕ್ತರಾದ ನಮ್ಮ ಯಜಮಾನರಿಗೆ ಒಂದು ಬಹಿರಂಗ ಪತ್ರ

ಶ್ರೀಮಾನ್ ಯಜಮಾನರ ಸನ್ನಿಧಾನಕ್ಕೆ, ಪೀಣ್ಯದ ತಮ್ಮ ಕಾರ್ಖಾನೆಯಲ್ಲಿ 27 ವರ್ಷಗಳಿಂದ ಮಿಲ್ಲಿಂಗ್ ಯಂತ್ರದ ಮುಂದೆ ನಿಂತು ಸವೆದಿರುವ ಕೆಲಸಗಾರನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಕೂಲಂಟ್ ಟ್ಯಾಂಕಿನೊಳಗೆ ವಾಸಿಸುತ್ತಿರುವ ಅಸಂಖ್ಯಾತ ಜೀವಕೋಟಿಯಂತೂ ಪರಮಕ್ಷೇಮ.

ಖಾಸಗಿಯಾಗಿ ನಿವೇದಿಸಿಕೊಳ್ಳಬೇಕಾದುದನ್ನು ಹೀಗೆ ಊರೆಲ್ಲ ಓದುವಂತೆ ಬರೆಯುವುದು ಅವಿನಯವೆಂಬುದನ್ನು ನಾನು ಅರಿಯದವನಲ್ಲ. ಆದರೆ ತಾವೇ ಕೃಪೆಮಾಡಿ ಬಾಗಿಲ ಬಳಿ ತೂಗುಹಾಕಿಸಿದ್ದ ಸಲಹಾ ಪೆಟ್ಟಿಗೆಗೆ ಕಳೆದ ಆಯುಧಪೂಜೆಯ ಹಿಂದಿನ ದಿನ ಪೇಂಟರನು ಎರಡು ಕೋಟು ನೀಲಿ ಎನಾಮೆಲ್ ಬಳಿದುದರಿಂದಲೂ, ಆ ಬಣ್ಣ ಒಣಗಿ ಚೀಟಿ ಹಾಕುವ ಸೀಳು ಸಂಪೂರ್ಣವಾಗಿ ಮುಚ್ಚಿಹೋದುದರಿಂದಲೂ, ಅನ್ಯಮಾರ್ಗವಿಲ್ಲದೆ ಈ ಮಾರ್ಗವನ್ನು ಹಿಡಿದಿದ್ದೇನೆ.

ಮೊದಲು ಸ್ತುತಿಯನ್ನು ಮಾಡಿ ಅನಂತರ ಪ್ರಾರ್ಥನೆಗೆ ಬರುವುದು ನಮ್ಮ ಸಂಪ್ರದಾಯವಷ್ಟೆ. ಮಹಾನವಮಿಗೆ ನಾಲ್ಕು ದಿನ ಮುಂಚಿನಿಂದಲೇ ನಮ್ಮ ಶೆಡ್ಡಿನಲ್ಲಿ ಕಟ್ಟರುಗಳು ನಿಲ್ಲುತ್ತವೆ, ಬ್ರಷ್ಷುಗಳು ಓಡತೊಡಗುತ್ತವೆ, ತಿನ್ನರಿನ ಘಾಟು ತಗಡಿನ ಮಾಡಿನವರೆಗೆ ಏರುತ್ತದೆ. ಪೂಜೆಯ ಬೆಳಗ್ಗೆ ಬಾಳೆಕಂದು, ಚೆಂಡುಹೂ, ವಿಭೂತಿ, ಕುಂಕುಮಗಳ ನಡುವೆ ನಮ್ಮ ವೃದ್ಧ ಯಂತ್ರಗಳು ಮೊಮ್ಮಗನ ಮದುವೆಗೆ ಜರಿಪೇಟ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಂದಿರಂತೆ ಗಂಭೀರವಾಗಿ ಥಳಥಳಿಸುತ್ತವೆ. ತಾವು ಬೂದುಗುಂಬಳಕಾಯಿ ಒಡೆಸಿ, ಕಡ್ಲೆಪುರಿ ಹಂಚಿಸಿ, ಒಂದು ಹೆಜ್ಜೆ ಹಿಂದೆ ಸರಿದು, ತಲೆಯನ್ನು ಕೊಂಚ ಓರೆಮಾಡಿ ನೋಡುವ ಆ ನೋಟದಲ್ಲಿರುವ ಧನ್ಯತೆಯನ್ನು ವರ್ಣಿಸಲು ನನ್ನಂಥವನ ಭಾಷೆ ಸಾಲದು. ಹೋದ ವರ್ಷ ಗಿರಾಕಿ ಕಂಪನಿಯ ಪರಿಶೀಲಕರು ಬಂದು ನನ್ನ ಯಂತ್ರವನ್ನು ತಟ್ಟಿ, "ಏನ್ ಸಾರ್, ಹೊಸ ಮೆಷಿನ್ನಾ?" ಎಂದು ಕೇಳಿದಾಗ ತಾವು ನಸುನಕ್ಕು, "ಮೇಂಟೆನೆನ್ಸ್ ಅಂದ್ರೆ ಹಾಗಿರ್ಬೇಕು" ಎಂದಿರಿ. ಆ ವಾಕ್ಯವನ್ನು ನಾನು ಮರೆತಿಲ್ಲ. ಮರೆಯುವುದು ಸಾಧ್ಯವೂ ಅಲ್ಲ.

ಪೇಂಟರನ ವಿಷಯವಾಗಿಯೂ ಎರಡು ಮಾತು. ಆತನು ಪರಮ ಅದ್ವೈತಿ. ಇದು ಕಬ್ಬಿಣ, ಇದು ಗಾಜು, ಇದು ಹಿತ್ತಾಳೆ ಎಂಬ ಭೇದಬುದ್ಧಿ ಆತನ ಬ್ರಷ್ಷಿಗೆ ಲವಲೇಶವೂ ಇಲ್ಲ. ಗೇರ್‌ಬಾಕ್ಸಿನೊಳಗೆ ಎಣ್ಣೆ ಎಷ್ಟಿದೆಯೆಂದು ತೋರಿಸಲು ಇಟ್ಟಿದ್ದ ರೂಪಾಯಿಯಗಲದ ಗಾಜು ಈಗ ನೀಲಿ. ಗ್ರೀಸ್ ನಿಪ್ಪಲ್ಲುಗಳು ನೀಲಿ. ಟೇಬಲ್ಲನ್ನು ಎಷ್ಟು ಸರಿಸಿದೆನೆಂದು ಓದಬೇಕಾದ ಡಯಲ್ಲಿನ ಗೆರೆಗಳಲ್ಲಿ ಅರ್ಧ ನೀಲಿ. ಎಚ್‌ಎಂಟಿ ಎಂಬ ಅಕ್ಷರಗಳಿದ್ದ ಹಿತ್ತಾಳೆಯ ಫಲಕವನ್ನು ನಾನು ಉಗುರಿನಿಂದ ಕೆರೆದು ಕೆರೆದು ಎಚ್ ಎಂಬಲ್ಲಿಯವರೆಗೆ ತಲುಪಿದ್ದೇನೆ. 1953ರಲ್ಲಿ ಇಲ್ಲಿಗೆ ಕೂಗಳತೆಯ ಜಾಲಹಳ್ಳಿಯಲ್ಲಿ ಹುಟ್ಟಿದ ಸಂಸ್ಥೆಯೊಂದರ ಹೆಸರನ್ನು ಪೀಣ್ಯದಲ್ಲಿ ಹೀಗೆ ಉತ್ಖನನ ಮಾಡಿ ಓದಬೇಕಾಗಿ ಬಂದುದು ಕಾಲಮಹಿಮೆಯೆನ್ನಬೇಕು.

ಉತ್ಖನನವೆಂದೆನಲ್ಲ, ಅದು ಬರಿಯ ಅಲಂಕಾರವಲ್ಲ. ಒಮ್ಮೆ ಕೈಜಾರಿ ವೈಸು ಯಂತ್ರದ ಪೀಠಕ್ಕೆ ಬಡಿದಾಗ ಬಣ್ಣದ ಒಂದು ಹಕ್ಕಳೆ ಕಿತ್ತುಬಂದಿತು. ಅದನ್ನು ಬೆಳಕಿಗೆ ಹಿಡಿದು ಅಂಚನ್ನು ನೋಡಿದೆ: ಮೇಲೆ ನೀಲಿ, ಅದರ ಕೆಳಗೆ ಆಪಲ್ ಗ್ರೀನ್, ಅದರ ಕೆಳಗೆ ಮಾಸಿದ ಕೆನೆಬಣ್ಣ, ತಳದಲ್ಲಿ ಬೂದು. ಒಂದೊಂದೂ ಒಬ್ಬೊಬ್ಬ ಯಜಮಾನರ ಆಳ್ವಿಕೆ. ರಾಜವಂಶಗಳ ನಡುವೆ ಒಂದು ಎಳೆಯಷ್ಟು ತೆಳ್ಳನೆಯ ಕಪ್ಪು ಗೆರೆ. ಅದು ಎಣ್ಣೆಜಿಡ್ಡು. ಎಂದರೆ ಇದುವರೆಗಿನ ಯಾವ ಪ್ರಭುವೂ ಹಳೆಯ ಜಿಡ್ಡನ್ನು ತೊಳೆಯಿಸಿ, ಉಪ್ಪುಕಾಗದದಿಂದ ಉಜ್ಜಿಸಿ, ಪ್ರೈಮರು ಬಳಿಸಿ, ಅನಂತರ ಬಣ್ಣಕ್ಕೆ ಕೈಹಚ್ಚಿದವನಲ್ಲ. ಎಲ್ಲರೂ ಹಿಂದಿನವರ ಕೊಳೆಯ ಮೇಲೆಯೇ ತಮ್ಮ ಧ್ವಜವನ್ನು ನೆಟ್ಟವರು.

ಇನ್ನು ಟ್ಯಾಂಕಿನ ವಿಚಾರ. ಇಂಥ ಹಳೆಯ ಮಿಲ್ಲಿಂಗ್ ಯಂತ್ರಗಳಲ್ಲಿ ಕಟ್ಟರನ್ನು ತಣಿಸುವ ಕೂಲಂಟಿಗೆ ಬೇರೆ ತೊಟ್ಟಿಯೆಂಬುದಿಲ್ಲ. ಪೀಠದ ಎರಕವೇ ಟೊಳ್ಳಾಗಿದ್ದು ಅದರ ಹೊಟ್ಟೆಯೇ ತೊಟ್ಟಿಯಾಗಿರುತ್ತದೆ. ದೇವರು ನಮಗೆ ಹೊಟ್ಟೆಯನ್ನು ಒಳಗಿಟ್ಟು ಮುಖವನ್ನು ಹೊರಗಿಟ್ಟಂತೆ ಯಂತ್ರ ಮಾಡಿದವರೂ ಇಟ್ಟುಬಿಟ್ಟರು, ತಮ್ಮ ಕಣ್ಣಿಗೆ ಅದು ಬೀಳದಿರುವುದಕ್ಕೆ ಅದೇ ಕಾರಣವಿರಬೇಕು. ಎರಡು ವರ್ಷಗಳ ಹಿಂದೆ ಪಂಪು ಉಸಿರುಕಟ್ಟಿ ನಿಂತಾಗ ಮುಚ್ಚಳ ಬಿಚ್ಚಿ, ಅಂಗಿಯ ತೋಳನ್ನು ಭುಜದವರೆಗೆ ಮಡಿಸಿ, ನಾನು ಕೈಯಿಳಿಸಿದೆ. ಮೇಲೆ ಸ್ಲೈಡುಗಳಿಂದ ಇಳಿದುಬಂದ ಎಣ್ಣೆಯ ಕಂದು ಕೆನೆ; ಅದರ ಕೆಳಗೆ ಹಿಂದೊಮ್ಮೆ ಹಾಲಿನಂತಿದ್ದು ಈಗ ಪಾತ್ರೆ ತೊಳೆದ ನೀರಿನಂತಾಗಿದ್ದ ಕೂಲಂಟು; ತಳದಲ್ಲಿ ನಾಲ್ಕು ಬೆರಳು ದಪ್ಪದ ಕೆಸರು. ಆ ಕೆಸರಿನಿಂದ ನಾನು ಹೊರತೆಗೆದ ವಸ್ತುಗಳು: ಯಾವುದರ ಬೆಲೆಯನ್ನು ಒಬ್ಬ ಹುಡುಗನ ಸಂಬಳದಲ್ಲಿ ಹಿಡಿದುಕೊಂಡಿದ್ದಿರೋ ಆ 6 ಮಿಲಿಮೀಟರಿನ ಅಲೆನ್ ಕೀ, ಎರಡು ಟೀ ಲೋಟ, ಕುಂಕುಮ ಹಚ್ಚಿದ ಅರ್ಧ ನಿಂಬೆಹಣ್ಣು, ಮತ್ತು ಪಂಪಿನ ಜಾಲರಿಗೆ ಅಂಟಿಕೊಂಡಿದ್ದ ಹಿಡಿ ತುಂಬ ಬಣ್ಣದ ಹಕ್ಕಳೆ. ಹೌದು, ಪೇಂಟರನು ಟ್ಯಾಂಕಿನ ಒಳಮೈಗೂ ಬಳಿದಿದ್ದನು! ಅಂದು ಲಾರಿ ಬಾಗಿಲಲ್ಲಿ ನಿಂತಿತ್ತು, ಮಾಲು ಹೋಗಬೇಕಾಗಿತ್ತು. ಜಾಲರಿಯನ್ನಷ್ಟೆ ತೊಳೆದು ಮುಚ್ಚಳ ಹಾಕು ಎಂದು ತಮ್ಮ ಅಪ್ಪಣೆಯಾಯಿತು. ಹಾಗೆಯೇ ಮಾಡಿದೆ.

ಆ ಬಣ್ಣವು ಏಕೆ ಕಿತ್ತುಬಂದಿತೆಂದು ತಾವು ಪೇಂಟರನ ಕೂಲಿಯಲ್ಲಿ ನೂರು ರೂಪಾಯಿ ಮುರಿದುಕೊಂಡಿರಿ. ಪಾಪ, ಆತನ ತಪ್ಪು ಅದರಲ್ಲಿ ಅರ್ಧ ಮಾತ್ರ. ಕೂಲಂಟು ಸ್ವಭಾವತಃ ಕ್ಷಾರ. ಆರೋಗ್ಯವಾಗಿದ್ದಾಗ ಅದರ ಪಿಎಚ್ 9ರ ಆಸುಪಾಸಿನಲ್ಲಿರುತ್ತದೆ. ಮನೆಯ ಕಿಟಕಿಗೆ ಬಳಿಯುವ ಸಾಧಾರಣ ಎನಾಮೆಲ್ಲಿನಲ್ಲಿರುವುದು ಎಣ್ಣೆಯ ಅಂಶ. ಕ್ಷಾರವೂ ಎಣ್ಣೆಯೂ ಕೂಡಿದರೆ ಏನಾಗುವುದೆಂಬುದನ್ನು ಸಾಬೂನು ಮಾಡುವವರನ್ನು ಕೇಳಬಹುದು. ಅಲ್ಲಿ ನಿಲ್ಲತಕ್ಕದ್ದು ಗಟ್ಟಿಕಾರಕ ಬೆರೆಸಿ ಹಚ್ಚುವ ಎರಡು ಡಬ್ಬಿಯ ಎಪಾಕ್ಸಿ. ಅದೂ ಜಿಡ್ಡೆಲ್ಲ ಹೋದ ಮೇಲೆ. ಆದರೆ ಎಪಾಕ್ಸಿಯ ಬೆಲೆಯನ್ನು ಕೇಳಿ ತಾವು ಅಂದು ಬಿಟ್ಟ ನಿಟ್ಟುಸಿರು ನನ್ನ ಕಿವಿಯಲ್ಲಿ ಇನ್ನೂ ಇದೆ, ಆದುದರಿಂದ ಮುಂದುವರಿಸುವುದಿಲ್ಲ.

ಸೋಮವಾರದ ಬೆಳಗ್ಗೆ ತಾವು ಶೆಡ್ಡಿಗೆ ಬರುವುದಿಲ್ಲವಾದ್ದರಿಂದ ಆ ಪರಿಮಳದ ಪರಿಚಯ ತಮಗಿರಲಾರದು. ಭಾನುವಾರವೆಲ್ಲ ಪಂಪು ನಿಂತು, ಮೇಲಣ ಎಣ್ಣೆಯ ಕೆನೆ ಗಾಳಿಯನ್ನು ಒಳಗೆ ಬಿಡದಿದ್ದಾಗ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಗಂಧಕದ ಅಂಶವನ್ನು ತಿಂದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಸೋಮವಾರ ಸ್ವಿಚ್ ಒತ್ತಿದೊಡನೆ ಕೊಳೆತ ಮೊಟ್ಟೆಯ ವಾಸನೆ ಕೋಲಾಹಲದಿಂದ ಮೇಲೇಳುತ್ತದೆ. ನಮ್ಮ ದೂರನ್ನು ಆಲಿಸಿ ತಾವು ಕೈಗೊಂಡ ಪರಿಹಾರವೆಂದರೆ ದಿನಕ್ಕೆ ಎರಡಿದ್ದ ಅಗರಬತ್ತಿಯನ್ನು ನಾಲ್ಕು ಮಾಡಿದುದು. ಸೂಕ್ಷ್ಮಜೀವಿಗಳಿಗೂ ಪೂಜೆ ಸಂದಂತಾಯಿತು.

ಕೂಲಂಟ್ ಬೆರೆಸುವ ವಿಧಾನದಲ್ಲಿಯೂ ನಮ್ಮದು ಸ್ವತಂತ್ರ ಮಾರ್ಗ. ನೂರು ಪಾಲಿಗೆ 5ರಿಂದ 8 ಪಾಲು ಎಣ್ಣೆಯಿರಬೇಕೆಂದೂ, ಮೊದಲು ಬಕೆಟ್ಟಿನಲ್ಲಿ ನೀರು ತೆಗೆದುಕೊಂಡು ಅದಕ್ಕೆ ಎಣ್ಣೆಯನ್ನು ಸುರಿದು ಕಲಕಬೇಕೇ ಹೊರತು ಎಣ್ಣೆಗೆ ನೀರನ್ನಲ್ಲವೆಂದೂ ಡಬ್ಬಿಯ ಮೇಲೆಯೇ ಬರೆದಿದೆ. ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ. ನಮ್ಮ ಹೆಲ್ಪರ್ ಹುಡುಗ ಬೋರ್‌ವೆಲ್ಲಿನ ಪೈಪನ್ನು ಹಿಡಿದು ಮಟ್ಟ ಬರುವವರೆಗೆ ಬರಿಯ ನೀರು ಬಿಡುತ್ತಾನೆ. ವಾರ ಕಳೆಯುವುದರೊಳಗೆ ಎಣ್ಣೆಯ ಅಂಶ ಕುಸಿದು ವೈಸೂ ಜಾಬೂ ತುಕ್ಕಿನ ಕಾವಿ ತೊಡುತ್ತವೆ. ತುಕ್ಕನ್ನು ಕಂಡ ಸೂಪರ್‌ವೈಸರರು ಗಾಬರಿಯಿಂದ ಅರ್ಧ ಕ್ಯಾನು ಎಣ್ಣೆಯನ್ನು ನೇರವಾಗಿ ಸುರಿಸುತ್ತಾರೆ. ಆಗ ನೊರೆಯೆದ್ದು ನೆಲವೆಲ್ಲ ಕ್ಷೀರಸಾಗರ. ಸರಿಯಾದ ಪ್ರಮಾಣವನ್ನು ಒಂದು ಹನಿಯಿಂದಲೇ ಹೇಳಬಲ್ಲ, ಗೇಣುದ್ದದ ದುರ್ಬೀನಿನಂತಿರುವ ರಿಫ್ರಾಕ್ಟೋಮೀಟರೊಂದನ್ನು ಕೊಡಿಸಿರೆಂದು ಕೇಳಿದ್ದಕ್ಕೆ, "ಅದ್ಯಾಕಯ್ಯಾ, ಕಣ್ಣಿಲ್ವಾ ನಿಂಗೆ?" ಎಂದಿರಿ. ಕಣ್ಣಿದೆ ಸ್ವಾಮಿ. ಆ ಹುಡುಗನ ಕೈಗಳನ್ನು ನೋಡುವಷ್ಟು ಕಣ್ಣಿದೆ. ರಾಯಚೂರಿನ ಕಡೆಯವನು; ಬೆರಳಸಂದುಗಳೆಲ್ಲ ಕೆಂಪಾಗಿ ಒಡೆದಿವೆ. "ಅಣ್ಣಾರ, ರಾತ್ರಿ ಭಾಳ ಕಡಿತಾವ್ರಿ" ಎನ್ನುತ್ತ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಅದೇ ಟ್ಯಾಂಕಿನ ನೀರಿನಲ್ಲಿ ಕೈಯಾಡಿಸುತ್ತಾನೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಬಣ್ಣಕ್ಕೆಂದು ಯಂತ್ರಗಳನ್ನು ನಾಲ್ಕು ದಿನ ನಿಲ್ಲಿಸುವ ತಾವು ಈ ಸಲ ಅದರಲ್ಲಿ ಒಂದು ದಿನವನ್ನು ಟ್ಯಾಂಕಿಗೆ ಕೊಡಿಸಬೇಕು. ಹಳೆಯದನ್ನು ಹೊರತೆಗೆದು, ಕೆಸರನ್ನು ಕೆರೆದು, ಕ್ಲೀನರ್ ದ್ರವವನ್ನು ಪಂಪು ಕೊಳವೆಗಳಲ್ಲೆಲ್ಲ ಹರಿಯಿಸಿ, ನೀರಿನಿಂದ ತೊಳೆದು, ಅಳೆದು ಬೆರೆಸಿದ ಹೊಸದನ್ನು ತುಂಬುತ್ತೇನೆ. ತೆಗೆದ ಹೊಲಸನ್ನು ಮಾತ್ರ ರಾತ್ರಿಯ ಹೊತ್ತು ಹಿಂದಿನ ಮೋರಿಗೆ ಬಿಡಲು ನನಗೆ ಹೇಳಬಾರದು. ಅದು ಅಪಾಯಕಾರಿ ತ್ಯಾಜ್ಯವೆಂದು 2016ರ ನಿಯಮಗಳಿವೆ, ಪಡೆದುಕೊಂಡು ಹೋಗಲು ಪರವಾನಗಿಯುಳ್ಳವರಿದ್ದಾರೆ, ಮತ್ತು ಈ ಕಡೆಯ ಮೋರಿಗಳ ನೀರು ವೃಷಭಾವತಿಯನ್ನು ಸೇರುತ್ತದೆ. ಆ ನದಿಗೆ ನಮ್ಮ ನೈವೇದ್ಯದ ಅಗತ್ಯ ಈಗಾಗಲೇ ಉಳಿದಿಲ್ಲ.

ಇಷ್ಟಕ್ಕೂ ಅಡ್ಡಿಯಾಗಿರುವುದು ಒಂದೇ. ಟ್ಯಾಂಕಿನ ಮುಚ್ಚಳದ ನಾಲ್ಕು ಬೋಲ್ಟುಗಳೂ, ಮುಚ್ಚಳಕ್ಕೂ ಪೀಠಕ್ಕೂ ನಡುವಣ ಸಂದೂ ನೀಲಿ ಎನಾಮೆಲ್ಲಿನಲ್ಲಿ ಏಕಶಿಲೆಯಾಗಿ ಹೋಗಿವೆ; ಸ್ಪ್ಯಾನರು ಕೂರುತ್ತಿಲ್ಲ. ಆದಕಾರಣ ದಯಮಾಡಿ ಸ್ಟೋರಿನಿಂದ ನನಗೆ ಒಂದು ಚಪ್ಪಟೆ ಉಳಿ ಮತ್ತು ಅರ್ಧ ಕಿಲೋ ಸುತ್ತಿಗೆಯನ್ನು ಕೊಡಿಸಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಧೇಯ,
ಮೂರನೆಯ ಮಿಲ್ಲಿಂಗ್ ಯಂತ್ರದವನು

ತಾ. ಕ.: ಸ್ಟೋರಿನ ಬೀಗಕ್ಕೂ ಬಣ್ಣ ಬಳಿದಿದೆಯೆಂದು ಈಗತಾನೆ ತಿಳಿಯಿತು. ಉಳಿಯನ್ನು ಮನೆಯಿಂದಲೇ ತರುತ್ತೇನೆ.