ಕರೆಂಟ್ ಬರ್ಲತ್ತದೇನ್ರಿ?

ನನ್ನ ಯೆಜ್ದಿ ರೋಡ್‌ಕಿಂಗ್ ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಏಳುತ್ತದೆ. ಅರ್ಧ ತಾಸು ಚಂದ ಓಡಿ, ನಾನಿನ್ನು ಮನಸ್ಸಿನಲ್ಲೇ ಅದನ್ನು ಹೊಗಳಬೇಕು ಅನ್ನುವಷ್ಟರಲ್ಲಿ ಎರಡು ಸಲ ಬಿಕ್ಕಿ ನಿಂತುಬಿಡುತ್ತದೆ. ಬೇವಿನ ನೆರಳಿಗೆ ತಳ್ಳಿ ಇನ್ನರ್ಧ ತಾಸು ಕೂತರೆ ಏನೂ ಆಗಿಲ್ಲವೆಂಬಂತೆ ಮತ್ತೆ ಏಳುತ್ತದೆ. ಇದು ರೋಗವೆಂದು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಕಲಬುರಗಿ ಜಿಲ್ಲೆಯಲ್ಲಿ ಮೇ ತಿಂಗಳಲ್ಲಿ ಮನುಷ್ಯರು ಮಾಡುವುದೂ ಇದನ್ನೇ ಅಲ್ಲವೆ?

ಇದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ನನ್ನ ಗಾಡಿ ಇನ್ನೂ ಹಾಕಿಲ್ಲ, ಹಾಕುವ ಬೆದರಿಕೆ ಮಾತ್ರ ದಿನಾ ಇದೆ. ಯೆಜ್ದಿ ಎಂಬ ಹೆಸರು ಇರಾನಿನ ಯಜ್ದ್ ಊರಿನಿಂದ ಬಂತೆನ್ನುವವರಿದ್ದಾರೆ. ಚೆಕ್ ಭಾಷೆಯಲ್ಲಿ ಅದೇ ಶಬ್ದಕ್ಕೆ 'ಓಡುತ್ತದೆ' ಎಂಬ ಅರ್ಥವಂತೆ. ಇದನ್ನು ಹೆಂಡತಿಗೆ ಹೇಳಿದ್ದು ನನ್ನ ತಪ್ಪು. ಅಂದಿನಿಂದ ಗಾಡಿ ನಿಂತಾಗಲೆಲ್ಲ ಹಿಂದಿನ ಸೀಟಿನಿಂದ "ಓಡತದ!" ಎಂದು ಒಂದು ಘೋಷಣೆ.

ಸಲಹೆಗಳಿಗೆ ಬರವಿರಲಿಲ್ಲ. ಸೇಡಮ್ಮಿನವರು ಪ್ಲಗ್ ಅಂದರು, ಚಿತ್ತಾಪುರದವರು ಕಾರ್ಬೊರೇಟರ್ ಅಂದರು. ಚಿಂಚೋಳಿಯ ಮಾವನವರು "ಮಾರ್ರಿ" ಅಂದರು. ವಾಡಿಯ ಗೆಳೆಯ, "ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ನಾಲ್ಕಕ್ಕೂ ಸ್ಟೇಷನ್ ಅದಾವ. ರೈಲಿಗಿ ಬರಲಿಕ್ಕಿ ಏನ್ ಧಾಡಿ ನಿನಗ?" ಅಂದ. ಬೆಂಗಳೂರಿನ ಇನ್ನೊಬ್ಬನಿದ್ದಾನೆ. ಅವನ ಜಾವಾ ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಮಾತ್ರ ಹೊರಗೆ ಬರುತ್ತದೆ, ಜಿಟಿಜಿಟಿ ಮಳೆಯಲ್ಲಿ, ಹೊಳೆಯುತ್ತ. ಗಾಡಿ ಬಿಸಿಯಾಗುವುದೆಂದರೆ ಏನೆಂದು ಅವನನ್ನು ಕೇಳುವುದು, ಸೆಕೆಯ ಬಗ್ಗೆ ಮೀನನ್ನು ಕೇಳಿದ ಹಾಗೆ.

ಶಹಾಬಾದಿನಲ್ಲೊಂದು ಮದುವೆ. ಹೆಂಡತಿಯ ತೊಡೆಯ ಮೇಲೆ ಆಯೇರಿಯ ಗಂಟು, ಅದರಲ್ಲಿ ಹೊಸ ಸೊಲ್ಲಾಪುರ ಚಾದರ. ವಾಡಿ ದಾಟಿ ಸ್ವಲ್ಪ ದೂರದಲ್ಲಿ, ಫರಸಿ ಕಲ್ಲು ಕೊಯ್ಯುವ ಜಾಗದ ಎದುರಿಗೇ ಗಾಡಿ ಬಿಕ್ಕಿತು. "ಓಡತದ!"

ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ತಲೆಗೆ ತಾಗಿಸಿ ಕಿಕ್ ಹೊಡೆದರೆ ತುದಿಯಲ್ಲಿ ನೀಲಿ ಕಿಡಿ ಹಾರಬೇಕು. ಆದರೆ ನಡು ಮಧ್ಯಾಹ್ನ. ಸುತ್ತ ಬೆಳ್ಳಗೆ ಕಲ್ಲುಚೂರಿನ ರಾಶಿ, ಕಣ್ಣೇ ಬಿಡಲಾಗದಂಥ ಝಳ. ಅದರಲ್ಲಿ ಕಿಡಿ ಹುಡುಕುವುದೆಂತು? ಕೆಲಸ ಬಿಟ್ಟು ನೋಡಲು ಬಂದ ಐದಾರು ಜನರಿಗೆ "ಕತ್ತಲಿ ಬೇಕ್ರಿ" ಅಂದೆ. ಒಬ್ಬ ಸೂರ್ಯನನ್ನು ನೋಡಿದ. "ಹಂಗಾರ ಇನ್ನಾ ಆರ್ ತಾಸ್ ಅದ ನೋಡ್ರಿ" ಅಂದ.

ಎಲ್ಲರ ಕಣ್ಣೂ ಒಟ್ಟಿಗೇ ಗಂಟಿನ ಮೇಲೆ ಬಿತ್ತು. ಹೆಂಡತಿ ಅದನ್ನು ಅಪ್ಪಿಕೊಂಡಳು. ಆಮೇಲೆ ಬಿಸಿಲು ನೋಡಿದಳು, ನನ್ನ ಮುಖ ನೋಡಿದಳು, ಬಿಚ್ಚಿಕೊಟ್ಟಳು.

ಚಾದರದ ಅಂಚುಗಳನ್ನು ಇಬ್ಬರು ಹಿಡಿದರು. ಒಳಗೆ ಪ್ಲಗ್ ಹಿಡಿದ ನಾನು, ಜೊತೆಗೆ ಇನ್ನೂ ಮೂರು ತಲೆ. ಕಿಕ್ ಹೊಡೆಯುವವನು ಹೊರಗೆ. ಯೆಜ್ದಿಯಲ್ಲಿ ಗೇರಿನ ಲಿವರೇ ಕಿಕ್ಕು, ಒಳಗೆ ಒತ್ತಿ ಎತ್ತಿದರೆ ರೂಪ ಬದಲಿಸುತ್ತದೆ. ಅವನಿಗದು ಹೇಗೆ ಗೊತ್ತಿರಬೇಕು? "ಕಿಕ್ ಎಲ್ಲದ್ರಿ?" ಎಂದು ಅವನು ಗಾಡಿಗೆ ಪ್ರದಕ್ಷಿಣೆ ಹಾಕುತ್ತಿದ್ದ, ನಾನು ಚಾದರದೊಳಗಿಂದ ಅಶರೀರವಾಣಿಯಂತೆ ದಾರಿ ತೋರಿಸುತ್ತಿದ್ದೆ. ಒಳಗೆ ಪೆಟ್ರೋಲಿನ ನಾತ, ನಾಲ್ಕು ಜನರ ಬೆವರು. ಅಷ್ಟರಲ್ಲಿ ಕೆಂಪಗೆ ಒಂದು ಕಿಡಿ ಕಂಡಿತು. "ಬಂತು! ಬಂತು!" ಎಂದು ಕೂಗಿದೆ. ನೋಡಿದರೆ ಪಕ್ಕದವನ ತುಟಿಯಲ್ಲಿದ್ದ ಬೀಡಿ. ಅದು ಅರಿವಾದ ಕೂಡಲೇ ಮೂರು ತಲೆಗಳೂ ಚಾದರದ ಮೂರು ಕಡೆಯಿಂದ ಹೊರಗೆ ಹಾರಿದವು. ಬೀಡಿಯವನೂ ಓಡಿದ, ಬೀಡಿಯ ಸಮೇತ.

ಮತ್ತೆ ಒಳಗೆ. ಹೊರಗೆ ಬಸ್ಸೊಂದು ನಿಂತಿತು. ರಸ್ತೆ ಬದಿಗೆ ಚಾದರ ಹೊದಿಸಿ ಸುತ್ತ ಜನ ನಿಂತಿದ್ದರೆ ಬಸ್ಸಿನವರು ಏನು ತಿಳಿಯಬೇಕೋ ಅದನ್ನೇ ತಿಳಿದರು. "ಏನಾಗ್ಯಾದವ್ವಾ?" ಎಂದು ಒಬ್ಬ ಅಜ್ಜಿಯ ದನಿ. "ಗಾಡಿರಿ" ಎಂದಳು ಹೆಂಡತಿ ಬೇಸರದಿಂದ. "ಅಯ್ಯ ಶಿವನ, ಗಾಡಿ ಹಾದದಂತ!" ಬಸ್ಸಿನೊಳಗೆ ಲೊಚಗುಟ್ಟುವ ಸದ್ದು ಹಿಂದಿನ ಸೀಟಿನವರೆಗೂ ಹೋಯಿತು. ಸರಿಯಾಗಿ ಆಗಲೇ ಹೊರಗಿನವನಿಗೆ ಕಿಕ್ ಸಿಕ್ಕಿತು. ಕರೆಂಟು ಪ್ಲಗ್ ಬಿಟ್ಟು ನನ್ನ ಮೊಣಕೈವರೆಗೆ ಏರಿತು, ನಾನು ಚಾದರದ ಸಮೇತ ಎದ್ದು ನಿಂತೆ. ಬಸ್ಸಿನಲ್ಲಿ ಚೀರಾಟ. ಕಂಡಕ್ಟರ್ ಎರಡು ಸೀಟಿ ಊದಿದ್ದು ಕೇಳಿಸಿತು.

ಹೊರಗೆ ಮಾತ್ರ "ಕರೆಂಟ್ ಬರ್ಲತ್ತದೇನ್ರಿ?" ಎಂಬ ವಿಚಾರಣೆ ನಿಂತಿರಲಿಲ್ಲ.

ಇನ್ನೊಮ್ಮೆ ಕೂತಾಗ ಕಂಡಿತು. ನೀಲಿಯಲ್ಲ, ಕೂದಲೆಳೆಯಂಥ ಹಳದಿ. ಕತ್ತಲಲ್ಲಿ ಒಬ್ಬ ಹುಡುಗ ಕೆಮ್ಮತೊಡಗಿದ, ಬಹಳ ಹೊತ್ತು ಕೆಮ್ಮಿದ. ರೆಪ್ಪೆಯ ಮೇಲೆಲ್ಲ ಕಲ್ಲಿನ ಹಿಟ್ಟು. "ಧೂಳಿಗಿ ಹಿಂಗಾಗ್ಯಾದೇನ್ರಿ ಗಾಡಿ?" ಎಂದು ಕೇಳಿದ. ನಾನು ತಿಳಿದವನಂತೆ, ಇಲ್ಲ, ಇದಕ್ಕೆ ಏರ್ ಫಿಲ್ಟರ್ ಇದೆ, ಧೂಳು ಒಳಗೆ ಹೋದರೆ ಪಿಸ್ಟನ್ ಸವೆಯುತ್ತದಲ್ಲ ಅಂದೆ. "ಇದಕ್ಕರೆ ಅದಲ್ಲ, ಬಿಡ್ರಿ" ಎಂದು ಅವನು ಟವೆಲನ್ನು ಮೂಗಿಗೆ ಕಟ್ಟಿಕೊಂಡು ಮಷೀನಿನ ಕಡೆ ಹೋದ. ನಾನು ಪ್ಲಗ್ ಒರೆಸುತ್ತ ಸ್ವಲ್ಪ ಹೊತ್ತು ಕೂತೆ.

ಗಾಡಿ ತಣ್ಣಗಾಯಿತು, ಎದ್ದಿತು. ಚಾದರದ ಎಣ್ಣೆಕಲೆಯನ್ನು ಒಳಮಡಿಕೆಗೆ ಸೇರಿಸಿ ಆಯೇರಿ ಮಾಡಿದೆವು. ಊಟದ ಬಗ್ಗೆ ಹೇಳುವಂಥದ್ದೇನಿಲ್ಲ, ಮುಗಿದಿತ್ತು.

ಮರುದಿನ ಸೇಡಮ್ಮಿನ ಉಸ್ತಾದ್ ಹೆಬ್ಬೆರಳಿನಷ್ಟು ಕಂಡೆನ್ಸರನ್ನು ಕಿತ್ತು ನನ್ನ ಅಂಗೈಗೆ ಹಾಕಿದ. ಪಾಯಿಂಟ್ ತೆರೆಯುವಾಗ ನುಗ್ಗುವ ಕರೆಂಟನ್ನು ನುಂಗಿಕೊಳ್ಳಬೇಕಾದದ್ದು ಅದು. ಬಿಸಿಯಾದಾಗ ಸೋರಿದರೆ ಪಾಯಿಂಟ್ ಸುಡುತ್ತದೆ, ಪ್ಲಗ್ಗಿಗೆ ಏನೂ ಉಳಿಯುವುದಿಲ್ಲ. ಅದು ಕೂತಿದ್ದದ್ದೇ ಎಂಜಿನ್ನಿನ ಪಕ್ಕದ ಕಾವಲಿಯಂಥ ಜಾಗದಲ್ಲಿ. ಉಸ್ತಾದ್ ಅಂಬಾಸಿಡರ್ ಕಾರಿನದೊಂದು ಕಂಡೆನ್ಸರ್ ತಂದು ಹೊರಗೆ, ಟ್ಯಾಂಕಿನ ಅಡಿ ಗಾಳಿಯಾಡುವಲ್ಲಿ ಕಟ್ಟಿದ. ಪಾಯಿಂಟಿನ ಸಂದಿ 0.4 ಮಿಲಿಮೀಟರ್ ಇರಬೇಕೆಂದೆ. ಅವನು ನನ್ನ ಕಿಸೆಯಲ್ಲಿದ್ದ ಲಗ್ನಪತ್ರಿಕೆಯನ್ನು ಎಳೆದು, ಒಂದು ಮೂಲೆ ಹರಿದು ಸಂದಿಗೆ ತೂರಿಸಿ, "ಬರಾಬರ್" ಅಂದ.

ಆಮೇಲಿನ ರವಿವಾರ ಮಳಖೇಡಕ್ಕೆ ಹೋದೆವು. ಗಾಡಿ ಬಿಕ್ಕಲಿಲ್ಲ. ಕೋಟೆಯ ಮುಂದೆ ಹೆಂಡತಿ ಇಳಿದು, "ರಾಷ್ಟ್ರಕೂಟರ ರಾಜಧಾನಿ ಅಂತೀರಿ, ಬಂದ್ ಮಾಡಿ ಒಳಗ ಬರ್ರಲ್ಲ" ಅಂದಳು.

ಬಂದ್ ಮಾಡುವುದೆ? ಅವಳು ಒಳಗೆ ಹೋಗಿ ಎಲ್ಲ ನೋಡಿಕೊಂಡು ಬರುವವರೆಗೆ ನಾನು ಬಾಗಿಲ ಮುಂದೆ ಮೊದಲ ಗೇರಿನಲ್ಲಿ ಸುತ್ತು ಹಾಕುತ್ತಿದ್ದೆ. ನನ್ನ ಹಿಂದೆ ಊರಿನ ಎರಡು ನಾಯಿಗಳೂ.